ಶೈಲಜಾ ತಂದ ಒಂಬತ್ತು ಪುಟ

ದೊಡವಾಡದವರ ಬಾಯಲ್ಲಿ ಶೈಲಜಾ ಹುಚ್ಚರ ಡಾಕ್ಟರ್. ಮೊದಮೊದಲು ಆಕೆ ತಿದ್ದುತ್ತಿದ್ದಳು. ತಲೆಗೆ ಪೆಟ್ಟು ಬಿದ್ದವರ, ಲಕ್ವಾ ಹೊಡೆದವರ ನೆನಪು, ಗಮನ, ಮಾತು ಎಷ್ಟು ಉಳಿದಿವೆ ಎಂದು ಪರೀಕ್ಷೆ ಮಾಡಿ ನೋಡುವುದು, ಉಳಿದದ್ದರಲ್ಲಿ ಬಾಳುವುದನ್ನು ಕಲಿಸುವುದು ತನ್ನ ಕೆಲಸ ಎಂದು ವಿವರಿಸುತ್ತಿದ್ದಳು. ಪಕ್ಕದ ಮನೆಯ ಮುದುಕಿ ಇಂದ್ರವ್ವ ಎಲ್ಲವನ್ನೂ ಕೇಳಿಸಿಕೊಂಡು, "ಗುಳಿಗಿ ಬರದ ಕೊಡಂಗಿಲ್ಲಂದ್ರ ಎಂಥಾ ಡಾಕ್ಟರಬೇ ನೀ?" ಎಂದಳು. ಅಂದಿನಿಂದ ತಿದ್ದುವುದನ್ನು ಬಿಟ್ಟಳು.

ಈ ದಾರಿಗೆ ಆಕೆಯನ್ನು ಹಚ್ಚಿದ್ದು ಅಣ್ಣ ನಿಂಗರಾಜ. ಅಪಘಾತವಾದಾಗ ಅವನಿಗೆ ಹದಿನೆಂಟು, ಅವಳಿಗೆ ಹದಿನಾರು. ಬೈಲಹೊಂಗಲದಲ್ಲಿ ಪಿಯುಸಿ ಓದುತ್ತಿದ್ದ. ಗಣಿತದಲ್ಲಿ ಅವನನ್ನು ಹಿಂದೆ ಹಾಕುವವರಿರಲಿಲ್ಲ. ಕಬ್ಬಿನ ಹಂಗಾಮಿನ ಒಂದು ಸಂಜೆ ಮೋಟಾರ್ ಸೈಕಲ್ ಮೇಲೆ ಊರಿಗೆ ಬರುವಾಗ, ಹಿಂದೆ ದೀಪವಿಲ್ಲದೆ ರಸ್ತೆಯ ಬದಿಗೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಹೋಗಿ ಬಡಿದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಂಟು ದಿನ ಎಚ್ಚರವಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹಣೆಯ ಗಾಯ ಮಾಯ್ದು, ತನ್ನ ಕಾಲ ಮೇಲೆ ತಾನು ನಡೆದು ಮನೆಗೆ ಬಂದ. ತಾಯಿ ದೇವಕ್ಕ ಸವದತ್ತಿ ಗುಡ್ಡಕ್ಕೆ ಹೋಗಿ ಯಲ್ಲಮ್ಮನಿಗೆ ಉಡಿ ತುಂಬಿ ಬಂದಳು. ಮಗ ಬದುಕಿದ, ಕೈಕಾಲು ನೆಟ್ಟಗಿವೆ, ಮಾತು ಸ್ಪಷ್ಟವಿದೆ. ಇನ್ನೇನು ಬೇಕು?

ಬಂದವನು ಬೇರೆ ನಿಂಗರಾಜ. ಮೋಟಾರು ಚಾಲೂ ಮಾಡಿ ಬಾ ಎಂದು ಹೊಲಕ್ಕೆ ಕಳಿಸಿದರೆ ಬದುವಿನ ಮೇಲೆ ಕುಳಿತುಬಿಡುತ್ತಿದ್ದ. ಯಾಕೆ ಬಂದೆ ಎಂದು ಕೇಳಿದರೆ "ಮೋಟಾರ್ ಚಾಲೂ ಮಾಡಾಕ" ಎಂದು ಸರಿಯಾಗಿಯೇ ಹೇಳುತ್ತಿದ್ದ, ಆದರೆ ಏಳುತ್ತಿರಲಿಲ್ಲ. ಪುಸ್ತಕ ತೆರೆದರೆ ಮೂರು ದಿನ ಅದೇ ಪುಟ. ಉಪ್ಪು ಕಡಿಮೆಯಾಯಿತೆಂದು ಊಟದ ತಾಟನ್ನು ಗೋಡೆಗೆ ಬೀಸುತ್ತಿದ್ದ, ಅರ್ಧ ಗಂಟೆಯಲ್ಲಿ ಮರೆತು ನಗುತ್ತಿದ್ದ. ಚಿಕ್ಕಪ್ಪನ ಮಣ್ಣಿಗೆ ಹೋದಲ್ಲಿ ಹೆಣದ ಮುಂದೆ ನಕ್ಕ. ತಂದೆ ನಿಜಗುಣಪ್ಪ ಬಾರಕೋಲು ಕೈಗೆ ತೆಗೆದುಕೊಂಡದ್ದು ಆ ದಿನ.

"ಮೈಗಳ್ಳ ಆಗ್ಯಾನ. ದವಾಖಾನ್ಯಾಗ ಕುಂತ ಉಂಡ ರೂಢಿ ಬಿದ್ದೈತಿ," ಎಂದು ತಂದೆ ಹೇಳಿದ್ದನ್ನೇ ಊರೂ ಹೇಳಿತು.

ಶೈಲಜಾ ನಂಬಲಿಲ್ಲ. ಸೋಮಾರಿಯಾದವನು ನೆಪ ಹೇಳುತ್ತಾನೆ. ಅಣ್ಣ ಒಂದು ದಿನವೂ ನೆಪ ಹೇಳಿರಲಿಲ್ಲ, ಹೊಡೆತ ತಿಂದು ತಾನೂ ಬೆರಗಾಗಿ ನೋಡುತ್ತಿದ್ದ. ಪಿಯುಸಿ ಮುಗಿದ ಮೇಲೆ ಮನಶ್ಶಾಸ್ತ್ರ ಎಂಬ ಹೆಸರನ್ನು ನೋಡಿ, ಉತ್ತರ ಅಲ್ಲಿರಬಹುದೆಂದು ಧಾರವಾಡದಲ್ಲಿ ಬಿ.ಎ. ಸೇರಿದಳು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಐದು ವರ್ಷ ಓದಿ ಎಂ.ಎಸ್ಸಿ. ಮುಗಿಸಿದರೂ ಉತ್ತರ ಸಿಗಲಿಲ್ಲ. ರೋಗಿಗಳನ್ನು ನೋಡಬೇಕಾದರೆ ಎರಡು ವರ್ಷದ ಎಂ.ಫಿಲ್. ಬೇಕು, ಆಮೇಲೆ ದಿಲ್ಲಿಯಲ್ಲಿ ಈ ವೃತ್ತಿಗೆ ಪರವಾನಗಿ ಕೊಡುವ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಸೀಟುಗಳು ಬೆರಳೆಣಿಕೆಯವು ಎಂದು ಅಲ್ಲಿ ತಿಳಿಯಿತು. ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದಳು. ಆ ನಡುವೆ ಮನೆಯವರು, ಸಂಸಾರ ಬಿದ್ದರೆ ದಾರಿಗೆ ಬರುತ್ತಾನೆಂದು ನಿಂಗರಾಜನಿಗೆ ಮುರಗೋಡದ ನಾಗರತ್ನಾಳನ್ನು ತಂದುಕೊಂಡರು. ಮದುವೆಯ ಮನೆಯಲ್ಲಿ ಶೈಲಜಾ ಅಕ್ಷತೆ ಹಾಕಿದಳು. ಹೇಳುವುದಕ್ಕೆ ಆಗ ಅವಳಿಗೂ ಏನೂ ಗೊತ್ತಿರಲಿಲ್ಲ.

ಮೂರನೆಯ ಸಲ ಬೆಂಗಳೂರಿನಲ್ಲಿ ಸೀಟು ಸಿಕ್ಕಿತು. ಮೊದಲ ವಾರದಲ್ಲೇ ಅಲ್ಲಿಯ ಪ್ರೊಫೆಸರಮ್ಮ, ನಿನ್ನ ಕನ್ನಡ ರೋಗಿಗಳಿಗೆ ಅರ್ಥವಾಗುವುದಿಲ್ಲ, ತಿದ್ದಿಕೋ ಎಂದರು. ಐತಿ, ಹೌದಲ್ಲೋ ಎಲ್ಲವನ್ನೂ ನುಂಗಿಕೊಂಡಳು. ಅಂಕಿ ಹೇಳಿ ಹಿಂದಿನಿಂದ ಹೇಳಿಸುವುದು, ಕಟ್ಟಿಗೆಯ ತುಂಡುಗಳನ್ನು ಜೋಡಿಸಲು ಕೊಟ್ಟು ಗಡಿಯಾರ ಹಿಡಿದು ಕೂಡುವುದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತವೆ ಎಂದು ಗುರುತು ಹಾಕುವುದು ಎಲ್ಲವೂ ಕೈಗೆ ಹತ್ತಿತು.

ಎರಡನೆಯ ವರ್ಷ ವಾರ್ಡಿಗೆ ಹಾವೇರಿ ಕಡೆಯ ಲಾರಿ ಡ್ರೈವರೊಬ್ಬನನ್ನು ಕರೆತಂದರು. ಎಲ್ಲಾ ಗೊತ್ತಿರುತ್ತದೆ, ಆದರೆ ಕುಳಿತಲ್ಲಿಂದ ಏಳುವುದಿಲ್ಲ ಎಂದು ಅವನ ಹೆಂಡತಿ ಅತ್ತಳು. ಪ್ರೊಫೆಸರಮ್ಮ ವಿದ್ಯಾರ್ಥಿಗಳಿಗೆ ಸ್ಕ್ಯಾನ್ ತೋರಿಸಿದರು.

"ಮೆದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದರೆ ಹೀಗೆ. ಏನು ಮಾಡಬೇಕೆಂದು ತಿಳಿದಿರುತ್ತದೆ, ಶುರು ಮಾಡುವ ಶಕ್ತಿ ಹೋಗಿರುತ್ತದೆ. ಮನೆಯವರು ಸೋಮಾರಿ ಅಂದುಕೊಳ್ಳುತ್ತಾರೆ. ಮೊದಲ ಒಂದೆರಡು ವರ್ಷದೊಳಗೆ ತರಬೇತಿ ಕೊಟ್ಟರೆ ಚೆನ್ನಾಗಿ ಸುಧಾರಿಸುತ್ತಾರೆ."

ನಿಂಗರಾಜನಿಗೆ ಪೆಟ್ಟು ಬಿದ್ದು ಅದು ಹತ್ತನೆಯ ವರ್ಷ. ಶೈಲಜಾ ಹೊರಗೆ ಬಂದು ತಾಯಿಗೆ ಫೋನ್ ಮಾಡಿದಳು.

"ಅವ್ವಾ, ಅಪ್ಪ ಅಣ್ಣಾಗ ಈಗ ಹೊಡ್ಯಾಂಗಿಲ್ಲಲಾ?"

"ಈಗ್ಯಾಕ ಹೊಡೀತಾನ, ಲಗ್ನಾ ಆಗಿ ಮಗಳ ಹುಟ್ಯಾಳ. ಹೇಂತಿ ಮುಂದ ಹೊಡದ್ರ ಚಂದಿರತೈತೇನು?"

ಆಗಲೇ ಹೇಳಬಹುದಿತ್ತು. ಆದರೆ ವಿದ್ಯಾರ್ಥಿನಿಯ ಮಾತನ್ನು ಅಪ್ಪ ನಂಬುತ್ತಾನೆಯೇ ಎಂಬ ಅನುಮಾನ. ಹೇಳಿದರೆ ದೊಡ್ಡವರ ಸಹಿ ಇರುವ ಕಾಗದ ಕೈಯಲ್ಲಿ ಹಿಡಿದೇ ಹೇಳಬೇಕು ಎಂದುಕೊಂಡಳು. ಎಂ.ಫಿಲ್. ಆದ ಮೇಲೆ ಅದೇ ವಿಷಯದಲ್ಲಿ ಪಿಎಚ್.ಡಿ.ಗೆ ಕುಳಿತಳು, ಅದಕ್ಕೆ ಐದು ವರ್ಷ ಹಿಡಿಯಿತು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ವಯಸ್ಸು ಮೂವತ್ಮೂರು. ತನ್ನ ಮನೆಯವರನ್ನು ತಾನೇ ಪರೀಕ್ಷಿಸಬಾರದು ಎಂಬುದು ಆ ವೃತ್ತಿಯ ನಿಯಮ. ಹಾಗಾಗಿ ಹಿರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಅಣ್ಣನನ್ನು ಎರಡು ದಿನ ಕೂಡಿಸಿದಳು. ವರದಿ ಒಂಬತ್ತು ಪುಟ ಬಂತು. ಅದನ್ನು ತಾನೇ ಕನ್ನಡದಲ್ಲಿ ಬರೆದುಕೊಂಡು, ಒಂದು ರವಿವಾರ ದೊಡವಾಡದ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಓದಿದಳು. ಹದಿನೇಳು ವರ್ಷದಿಂದ ಅಣ್ಣನ ಮೇಲಿದ್ದ ಹೆಸರು ಅಳಿಸುತ್ತಿದ್ದೇನೆಂದು ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಓದಿ ಮುಗಿದ ಮೇಲೆ ನಿಜಗುಣಪ್ಪ ಕೇಳಿದ.

"ಅಂದ್ರ, ನಾ ಬಡದದ್ದೆಲ್ಲಾ ಹುಣ್ಣಿನ ಮ್ಯಾಲ ಬಡದಂಗಾತೇನ?"

ಅವನು ಎದ್ದು ಹೊಲದ ಕಡೆ ಹೋದ. ಆಮೇಲೆ ಮಗನ ಎದುರು ಕುಳಿತು ಉಣ್ಣಲಿಲ್ಲ, ಮಗನ ಹೆಸರು ಹಿಡಿದು ಕರೆಯಲಿಲ್ಲ. ಬೈಗುಳವಾದರೂ ಇದ್ದ ಜಾಗದಲ್ಲಿ ಏನೂ ಇಲ್ಲದಂತಾಯಿತು.

ನಾಗರತ್ನಾ ವರದಿಯನ್ನು ಕೈಗೆ ತೆಗೆದುಕೊಂಡು ಕೊನೆಯ ಪುಟ ನೋಡಿದಳು. "ಇದು ಸುಧಾರಸೂದಿಲ್ಲೇನ್ರಿ?"

"ಪೂರಾ ಇಲ್ಲ ವೈನಿ. ಭಾಳ ವರ್ಷ ಆಗ್ಯಾವ. ಆದ್ರ ಹೆಂಗ ನಡಸ್ಕೊಂಡ ಹೋಗಬೇಕು ಅಂತ ನಾ ಹೇಳಿಕೊಡತೇನಿ."

"ನಿಮಗ ಇದು ಯಾವಾಗ ಗೊತ್ತಾತ್ರಿ?"

ಶೈಲಜಾ ಸುಳ್ಳು ಹೇಳಲಿಲ್ಲ. "ಏಳು ವರ್ಷಾತು."

"ಇಷ್ಟ ದಿನಾ ಇವರು ಮನಸ ಮಾಡಿದ್ರ ಸುಧಾರಸ್ತಾರ ಅನ್ಕೋತ ದಿನಾ ತಗದೇನಿ. ಮೈಗಳ್ಳತನಾ ಅಂದ್ರ ಒಂದಿಲ್ಲ ಒಂದ ದಿನಾ ಬಿಟ್ಟ ಹೋಗತೈತಿ. ಇನ್ನ ಯಾತರ ಮ್ಯಾಲ ದಿನಾ ತಗೀಲ್ರಿ?"

ಹೇಗೆ ನಡೆಸಿಕೊಂಡು ಹೋಗಬೇಕೆಂದು ಆಕೆಗೆ ಹೇಳಿಕೊಡುವ ಅಗತ್ಯವಿರಲಿಲ್ಲ. ನಾಗರತ್ನಾ ಗಂಡನಿಗೆ ಹೊಲಕ್ಕೆ ಹೋಗು ಎನ್ನುತ್ತಿರಲಿಲ್ಲ. ತಾನೇ ಕೊಟ್ಟಿಗೆಯವರೆಗೆ ನಡೆದು, ಎಮ್ಮೆಯ ಹಗ್ಗ ಬಿಚ್ಚಿ ಅವನ ಕೈಗೆ ಕೊಡುತ್ತಿದ್ದಳು. ಶುರುವಾದರೆ ಮುಂದಿನದನ್ನು ಅವನು ಮಾಡುತ್ತಿದ್ದ. ಸಿಟ್ಟು ಏರುವ ಮೊದಲೇ ಗುರುತು ಹಿಡಿದು ಮಗಳನ್ನು ಹೊರಗೆ ಕಳಿಸುತ್ತಿದ್ದಳು. ಶೈಲಜಾ ಏಳು ವರ್ಷ ಓದಿ ಕಲಿತದ್ದನ್ನು ಅವಳು ಯಾರಿಂದಲೂ ಕಲಿಯದೆ ಎಂಟು ವರ್ಷ ಮಾಡಿದ್ದಳು. ಇದು ಶೈಲಜಾಳ ಲಕ್ಷ್ಯಕ್ಕೆ ಬಂದದ್ದು ನಾಗರತ್ನಾ ಮನೆ ಬಿಟ್ಟು ಹೋದ ಮೇಲೆ.

ಮೂರು ವಾರದಲ್ಲಿ ಮುರಗೋಡದಿಂದ ನಾಗರತ್ನಾಳ ತಂದೆ ವಿರೂಪಾಕ್ಷ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಬಂದ. ವರದಿಯ ಝೆರಾಕ್ಸ್ ಅವನ ಜೇಬಿನಲ್ಲಿತ್ತು.

"ಮೈಗಳ್ಳ ಅಂತ ತಿಳದ ಸುಮ್ನಿದ್ವಿ. ಮೆದುಳ ಕೆಟ್ಟಾವ್ಗ ಹೆಣ್ಣ ಕಟ್ಟಿ ಮುಚ್ಚಿಟ್ಟೀರಿ. ನಿಮ್ಮ ಮಗಳ ತಂದ ಕಾಗದ ಇದು, ನಾವ ಬರದದ್ದಲ್ಲ."

ಮದುವೆಯಾದಾಗ ಯಾರಿಗೂ ತಿಳಿದಿರಲಿಲ್ಲ, ಮೆದುಳು ಕೆಟ್ಟಿದೆ ಎಂದು ವರದಿಯಲ್ಲಿ ಎಲ್ಲಿಯೂ ಇಲ್ಲ ಎಂದು ಶೈಲಜಾ ಪುಟ ತೆಗೆದು ತೋರಿಸಿದಳು. ಹಿರಿಯರು ಓದಲು ಬಂದಿರಲಿಲ್ಲ. ನಾಗರತ್ನಾ ಮಗಳ ಕೈ ಹಿಡಿದುಕೊಂಡು ಜೀಪು ಹತ್ತಿದಳು. ನಿಂಗರಾಜ ಕಟ್ಟೆಯ ಮೇಲೆ ಕುಳಿತಿದ್ದ. ಏಳಬೇಕೆಂದು ಅವನಿಗೆ ಗೊತ್ತಿತ್ತೆಂದು ಶೈಲಜಾಳಿಗೂ ಗೊತ್ತಿತ್ತು.

ಈಗ ಆಕೆ ಪ್ರತಿ ಶನಿವಾರ ಬೈಲಹೊಂಗಲದಲ್ಲಿ ಒಂದು ಖೋಲಿ ಹಿಡಿದು ರೋಗಿಗಳನ್ನು ನೋಡುತ್ತಾಳೆ. ಕಳೆದ ಶ್ರಾವಣದಲ್ಲಿ ನಿಂಗರಾಜ ಅಲ್ಲಿಗೆ ಬಂದ. ಒಬ್ಬನೇ ಎದ್ದು, ಬಸ್ಸು ಹತ್ತಿ, ಇಳಿದು, ಕೇಳಿಕೊಂಡು ಬಂದಿದ್ದ. ಅಷ್ಟನ್ನು ಅವನು ತಾನಾಗಿ ಮಾಡಿದ್ದನ್ನು ಅಪಘಾತದ ನಂತರ ಆಕೆ ಎಂದೂ ನೋಡಿರಲಿಲ್ಲ.

"ಶೈಲಾ, ಒಂದ ಕಾಗದ ಬೇಕಾಗಿತ್ತು," ಎಂದ. "ನಾ ಮೈಗಳ್ಳ ಅದೇನಿ, ಬ್ಯಾರೇ ಏನೂ ಇಲ್ಲ ಅಂತ ಬರಕೊಡು. ಮುರಗೋಡಕ್ಕ ಒಯ್ದ ತೋರಸ್ತೇನಿ."

"ಹಂಗ ಬರ್ಯಾಕ ಬರೂದಿಲ್ಲ ಅಣ್ಣಾ."

"ನೀ ಓದಿದಾಕಿ ಅದಿ. ಯಾಕ ಬರೂದಿಲ್ಲ? ಮೈಗಳ್ಳ ಇದ್ದಾಗ ಆಕಿ ಮನ್ಯಾಗ ಇದ್ಲಲಾ."

ಬಾಗಿಲ ಹೊರಗೆ ಏಳು ಜನ ಕಾದಿದ್ದರು. ಶೈಲಜಾ ಅವನನ್ನು ಖಾನಾವಳಿಗೆ ಕರೆದೊಯ್ದು ಉಣ್ಣಿಸಿದಳು, ಸ್ಟ್ಯಾಂಡಿಗೆ ಹೋಗಿ ದೊಡವಾಡದ ಬಸ್ಸು ಹತ್ತಿಸಿದಳು. ಬಸ್ಸು ಬಿಡುವವರೆಗೂ ಅವನು ಕಿಟಕಿಯಿಂದ ಕೈ ಚಾಚಿಕೊಂಡೇ ಇದ್ದ, ಕಾಗದ ಇನ್ನೇನು ಕೊಡುತ್ತಾಳೆ ಎಂಬಂತೆ.

ತಿರುಗಿ ಬಂದಾಗ ಮನೋಳಿಯ ಕಡೆಯ ಹೆಣ್ಣುಮಗಳೊಬ್ಬಳು ಗಂಡನನ್ನು ಕೂಡಿಸಿಕೊಂಡು ಕುಳಿತಿದ್ದಳು. ಮಾಳಿಗೆಯಿಂದ ಬಿದ್ದು ಎಂಟು ತಿಂಗಳಾಗಿತ್ತಂತೆ. ಇವರಿಗೇನಾಗಿದೆ ಎಂದು ಬರೆದು ಕೊಡಿರಿ, ಮನೆಯಲ್ಲಿ ತೋರಿಸಬೇಕು ಎಂದಳು. ಎಂಟು ತಿಂಗಳೆಂದರೆ ಇನ್ನೂ ವೇಳೆಯಿತ್ತು. ಶೈಲಜಾ ಪೆನ್ನು ತೆಗೆದುಕೊಂಡವಳು, ವಿರೂಪಾಕ್ಷನ ಜೇಬಿನ ಝೆರಾಕ್ಸ್ ನೆನಪಾಗಿ, ಇದನ್ನು ನಿಮ್ಮ ಮನೆಯಲ್ಲಿ ಓದುವವರು ಯಾರು ಎಂದು ಕೇಳಿದಳು. ಆ ಹೆಣ್ಣುಮಗಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಶೈಲಜಾ ಮತ್ತೆ ಕೇಳಲಿಲ್ಲ. ಗಂಡನ ಹೆಸರು, ವಯಸ್ಸು ಬರೆದುಕೊಳ್ಳತೊಡಗಿದಳು.