ಎಡಗಡೆಯ ಕಿಟಕಿ

ಇಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ, ಹಾಲು ಕಾಯಿಸಿದೆ, ನಲ್ಲಿ ಬಂತೆಂದು ನಾಲ್ಕು ಕೊಡ ತುಂಬಿಟ್ಟೆ, ಹಪ್ಪಳ ಒಣಹಾಕಿದೆ. ಮಧ್ಯಾಹ್ನ, ತೀರಿಕೊಂಡ ಎದುರುಮನೆಯ ಅಕ್ಕನ ಮಣ್ಣಿಗೆ ಹೋಗಿ ಬಂದು ತಲೆಗೆ ನೀರು ಹಾಕಿಕೊಂಡೆ.

ಅಕ್ಕನ ಬಲಗೈ ಮೊಣಕೈವರೆಗೂ ಕೆಂಪು. ಎಡಗೈ ಎಲ್ಲರ ಹಾಗೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಂಡು ಖಾರಪುಡಿ ಮಾಡಿಸಿ ಮಾರುತ್ತಿದ್ದರು. ಚೀಲದ ಮೇಲಿನ ಕಾಯಿಯನ್ನು ನೋಡುತ್ತಲೇ ಇರಲಿಲ್ಲ. ಕೈಯನ್ನು ತಳದವರೆಗೂ ತುರುಕಿ, ಅಡಿಯ ಕಾಯಿ ತೆಗೆದು ಮುರಿದು ಮೂಸುತ್ತಿದ್ದರು. "ಮ್ಯಾಲಿಂದು ತೋರ್ಸಾಕ ಇಟ್ಟಿದ್ದು, ತಂಗೀ" ಎನ್ನುತ್ತಿದ್ದರು. ಮನುಷ್ಯರ ಜೊತೆಗೂ ಹಾಗೆಯೇ. ನಾನು ಒಯ್ದುಕೊಟ್ಟ ಸಾರನ್ನು ಮೊದಲು ನನಗೇ ಕುಡಿಸಿ, ನನ್ನ ಮುಖ ನೋಡುತ್ತಿದ್ದರು.

ಅವರಿಗೆ ಮೊದಲೇ ಒಂದು ಕಣ್ಣು ಇರಲಿಲ್ಲ. ಎರಡು ವರ್ಷದ ಹಿಂದೆ ಇನ್ನೊಂದಕ್ಕೂ ಮಬ್ಬು ಕವಿಯತೊಡಗಿತು. ವರ್ಷದೊಳಗೆ ಅದೂ ಹೋಗುತ್ತದೆ ಎಂದರು ಹಾವೇರಿಯ ವೈದ್ಯರು. ಅಕ್ಕ ನಂಬದೆ ಹುಬ್ಬಳ್ಳಿಗೆ ಹೋದರು, ದಾವಣಗೆರೆಗೆ ಹೋದರು. ಮೂವರೂ ಒಂದೇ ಮಾತು ಹೇಳಿದ ಮೇಲೆ ಮೂರು ದಿನ ಬಾಗಿಲು ತೆರೆಯಲಿಲ್ಲ. ಆಮೇಲೆ ನಮ್ಮ ಮನೆಗೆ ಬಂದು, ಕಣ್ಣು ಹೋಗುವುದರೊಳಗೆ ಹಿಮಾಲಯ ನೋಡಬೇಕು, ದಿಲ್ಲಿಯಿಂದ ಕಠ್ಮಂಡುವಿಗೆ ಹೋಗುವ ವಿಮಾನದ ಕಿಟಕಿಯಿಂದ ಸಾಲಾಗಿ ಕಾಣುತ್ತದಂತೆ, ನೀನೂ ಬಾ ಎಂದರು. ಪ್ರೀತಿಗೆ ಕರೆದರೋ ಸಾಕ್ಷಿಗೆ ಕರೆದರೋ ಎಂದು ನನಗೂ ಅನುಮಾನವಿತ್ತು.

ರಾಣೆಬೆನ್ನೂರಿನಲ್ಲಿ ಟಿಕೀಟು ಮಾಡಿಕೊಡುವವನು ಬಲಗಡೆಯ ಕಿಟಕಿ ಹಿಡಿಯಿರಿ, ಎಲ್ಲರೂ ಅದನ್ನೇ ಕೇಳುತ್ತಾರೆ ಎಂದ.

"ಎಲ್ಲಾರೂ ಕೇಳ್ತಾರೋ, ನೀ ಎಲ್ಲಾರಿಗೂ ಅದನ್ನ ಕೊಡ್ತೀಯೋ?" ಎಂದರು ಅಕ್ಕ. ಕಠ್ಮಂಡು ದಿಲ್ಲಿಯಿಂದ ಯಾವ ದಿಕ್ಕಿಗಿದೆ ಎಂದು ಅವನಿಂದಲೇ ಹೇಳಿಸಿದರು. ಪೂರ್ವಕ್ಕೆ. ಹಿಮಾಲಯ? ಉತ್ತರಕ್ಕೆ. ಆಮೇಲೆ ನನ್ನನ್ನು ಅಂಗಡಿಯ ನಡುವೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, "ಉತ್ತರದ ಕಡಿ ಕೈ ಮಾಡು" ಎಂದರು. ನನ್ನ ಎಡಗೈ ಮೇಲೆದ್ದಿತು. ಅವನು ಎಡಗಡೆಯ ಕಿಟಕಿ ಹಿಡಿದ. "ರೆಕ್ಕಿ ಮ್ಯಾಲಿಂದು ಬ್ಯಾಡೋ ತಮ್ಮಾ," ಎಂದರು ಅಕ್ಕ, "ಬಸ್ಸಿನಾಗ ಗಾಲಿ ಮ್ಯಾಲಿನ ಸೀಟು ಕೊಟ್ಟಂಗ ಕೊಟ್ಟೀ ಮತ್ತ."

ದಿಲ್ಲಿಯಲ್ಲಿ ಇದು ಕಿಟಕಿಯ ಸೀಟು ಹೌದೇ ಎಂದು ಕೌಂಟರಿನ ಹುಡುಗಿಯನ್ನು, ಕಾವಲಿನವನನ್ನು, ಕಸ ಗುಡಿಸುವ ಹೆಂಗಸನ್ನು ಬೇರೆಬೇರೆಯಾಗಿ ಕೇಳಿದರು. ಕುಳಿತ ಮೇಲೆ ಗಾಜಿಗೆ ಬೆರಳು ಬಡಿದು ನೋಡಿದರು.

ಬಹಳ ಹೊತ್ತಿನ ಮೇಲೆ ದೂರದಲ್ಲಿ ಬಿಳಿಯ ಸಾಲು ಎದ್ದಿತು. ಮೋಡ ತೋರಿಸಿ ಗುಡ್ಡ ಅಂತಾರೆ, ಮಂದಿ ನಂಬುತ್ತಾರೆ ಎಂದು ಅಕ್ಕ ಗೊಣಗಿದರು. ಇದ್ದಕ್ಕಿದ್ದಂತೆ ಬೆಲ್ಟು ಬಿಚ್ಚಿ ಎದ್ದು, ನನ್ನನ್ನು ಕಿಟಕಿಗೆ ಸರಿಸಿದರು.

"ನನ್ನ ಕಣ್ಣ ಮೋಸ ಮಾಡಾಕತ್ತೈತೇನೋ. ನೀ ನೋಡಿ ಹೇಳು. ನನ್ನ ಸಮಾಧಾನಕ್ಕ ಹೇಳಬ್ಯಾಡ."

ನಾನು ಅವಸರ ಮಾಡಲಿಲ್ಲ. ಕೆಳಗಿನ ಬಿಳುಪು ಹತ್ತಿಯಂತೆ ಹರಡಿಕೊಂಡಿತ್ತು. ಮೇಲಿನದಕ್ಕೆ ಚೂಪು ಅಂಚಿತ್ತು. ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೀಲಿ ನೆರಳು.

"ಮೋಡ ಕೆಳಗೈತ್ರಿ ಅಕ್ಕಾರ. ನೀವು ನೋಡಿದ್ದು ಗುಡ್ಡನ."

ಗಗನಸಖಿ ಪಕ್ಕದಲ್ಲೇ ಹಾದುಹೋದಳು. ಅಕ್ಕ ಅವಳನ್ನು ಕೇಳಲಿಲ್ಲ. ಮತ್ತೆ ಕಿಟಕಿಗೆ ಬಂದು, ಗಾಜಿಗೆ ಹಣೆಯಿಟ್ಟವರು ಇಳಿಯುವವರೆಗೂ ತೆಗೆಯಲಿಲ್ಲ. ನನ್ನ ಮಾತನ್ನು ಹಾಗೆ ಮರುಪ್ರಶ್ನೆಯಿಲ್ಲದೆ ನಂಬಿದವರು ನನ್ನ ಮನೆಯಲ್ಲೂ ಯಾರೂ ಇಲ್ಲ. ಆ ಋಣ ಇದೆ. ಮುಂದಿನ ಬೇಸಿಗೆಗೆ ಅವರ ಕಣ್ಣು ಪೂರ್ತಿ ಹೋಯಿತು.

ಇಂದು ಸಂಜೆ ಅಕ್ಕನ ಮನೆಯಿಂದ ಎಲ್ಲರೂ ಹೋದ ಮೇಲೆ, ಕುಪ್ಪೇಲೂರಿಗೆ ಕೊಟ್ಟಿದ್ದ ಅವರ ಮಗಳು ನನ್ನ ಹತ್ತಿರ ಬಂದು ಕುಳಿತಳು.

"ಚಿಗವ್ವಾ, ನಮ್ಮವ್ವ ಖರೇನ ಹಿಮಾಲಯ ನೋಡಿದ್ಲೋ, ನೀವು ಹಂಗ ಹೇಳಿದ್ರೋ?"

"ನೋಡ್ಯಾರವ್ವ."

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಮತ್ತೆ ಹೇಳಿದೆ.

ನಮ್ಮ ಮನೆಯಿಂದ ಒಯ್ದ ಅನ್ನ, ತಿಳಿಸಾರನ್ನು ಅವರ ಪಡಸಾಲೆಯಲ್ಲೇ ಕುಳಿತು ಇಬ್ಬರೂ ಉಂಡೆವು. ರಾತ್ರಿ ನಾನೂ ಅಲ್ಲೇ ಉಳಿದೆ; ಮಗಳು, ಮತ್ತೆ ಕೇಳದೆ, ಮೊದಲು ಮಲಗಿದಳು.