ಅಳತೆಯ ಹಾಲು

ಅಫಜಲಪುರ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಮ್ಮ ಯಜಮಾನರು ಕಬ್ಬಿನ ರಸ ಕುದಿಸುವ ಕೆಲಸದಲ್ಲಿದ್ದರು. ಅದೇ ಕೆಲಸಕ್ಕೆ ಉಗಾಂಡಾದಿಂದ ಕರೆ ಬಂತು. ಮಗಳ ಮದುವೆ ಆಗಿಹೋಗಿತ್ತು, ಎರಡು ವರ್ಷ ತಾನೇ ಎಂದು ಇಬ್ಬರೂ ಹೊರಟೆವು. ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಹುಟ್ಟಿದ ನಾನು ಅಲ್ಲಿಯವರೆಗೆ ಸೊಲ್ಲಾಪುರ ದಾಟಿದವಳಲ್ಲ.

ಕಾರ್ಖಾನೆಯ ಕಾಲೊನಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಆಳಂದದವರು. ಅಷ್ಟು ದೂರದಲ್ಲಿ ನಮ್ಮ ಮಾತು ಆಡುವವರು ಸಿಕ್ಕರಲ್ಲ, ಅದೊಂದು ದೇವರ ದಯೆ. ನನಗಿಂತ ಹಿರಿಯರು, ನಾನು ಆಪಾ ಎನ್ನುತ್ತಿದ್ದೆ. ಕಬ್ಬಿನ ಹೊಲಗಳ ಆಚೆಗಿದ್ದ ಸಣ್ಣ ಆಸ್ಪತ್ರೆಯಲ್ಲಿ, ಹೊಟ್ಟೆಗಿಲ್ಲದೆ ಸೊರಗಿದ ಮಕ್ಕಳಿಗೆಂದೇ ಒಂದು ವಾರ್ಡು ಇತ್ತು. ಆಪಾ ವಾರಕ್ಕೆರಡು ಸಲ ಅಲ್ಲಿಗೆ ಸೇವೆಗೆ ಹೋಗುತ್ತಿದ್ದರು. ಒಂದು ದಿನ ನನ್ನನ್ನೂ ಎಬ್ಬಿಸಿದರು.

“ಬ್ಯಾಳಿ ಆರಿಸಿ ಆರಿಸಿ ಕಣ್ಣ ಹೋಗ್ತಾವ ಬೇ ನಿನ್ವು. ನಡಿ ನನ್ನ ಜೋಡಿ.”

“ನನಗ ಅವರ ಮಾತ ಬರಂಗಿಲ್ರಿ ಆಪಾ.”

“ಕೂಸಿಗಿ ಯಾವ ಮಾತ ಬೇಕ? ಎತ್ಕೊಳ್ಳಾಕರ ಬರ್ತದಿಲ್ಲೋ?”

ಎತ್ತಿಕೊಳ್ಳುವುದು ಬರುತ್ತಿತ್ತು. ಹಾಲಿನ ಕಪ್ಪು ತೊಳೆಯುವುದು, ಅತ್ತ ಕೂಸನ್ನು ಹೆಗಲಿಗೆ ಹಾಕಿಕೊಳ್ಳುವುದು, ಇಷ್ಟೇ ನಮ್ಮ ಕೆಲಸ. ಆ ಮಕ್ಕಳಿಗೆ ಮೂರು ತಾಸಿಗೊಮ್ಮೆ ಔಷಧದ ಹಾಲು, ಅದೂ ಗೆರೆ ಹಾಕಿದ ಕಪ್ಪಿನಲ್ಲಿ ಅಳೆದು. ಗೆರೆಗಿಂತ ಒಂದು ಹನಿ ಹೆಚ್ಚಿಲ್ಲ. ಮೊದಲ ದಿನವೇ ನರ್ಸು ನನ್ನನ್ನು ನಿಲ್ಲಿಸಿ ಏನೋ ಹೇಳಿದಳು. ಆಪಾ ತಿಳಿಸಿ ಹೇಳಿದರು: “ಹಾಲ ಬಿಟ್ಟ ಏನೂ ತಿನಸಬ್ಯಾಡ್ರಿ ಅಂತಾಳ. ಕರುಳ ಕಾಗದ ಆಗ್ಯಾವಂತ, ತಡಿಯಂಗಿಲ್ಲಂತ.” ನಾನು ತಲೆಯಾಡಿಸಿದೆ.

ಕಿಟಕಿ ಪಕ್ಕದ ಮಂಚದಲ್ಲಿ ಒಂದೂವರೆ ವರ್ಷದ ಹುಡುಗಿ ಇದ್ದಳು. ತೋಳು ನನ್ನ ಹೆಬ್ಬೆರಳಿನಷ್ಟು ದಪ್ಪ. ಜೊತೆಗೆ ಅಜ್ಜಿ ಒಬ್ಬಳೇ. ಆ ಕೂಸು ಅಳುತ್ತಲೇ ಇರಲಿಲ್ಲ. ಗೆರೆಯ ಹಾಲು ನಾಲ್ಕು ಗುಟುಕಿಗೆ ಮುಗಿಯುತ್ತಿತ್ತು. ಆಮೇಲೆ ಖಾಲಿ ಕಪ್ಪನ್ನು ನೋಡುತ್ತ ಮಲಗಿರುತ್ತಿತ್ತು. ನನಗೆ ಅದನ್ನು ನೋಡುವುದು ಆಗುತ್ತಿರಲಿಲ್ಲ.

ನಮ್ಮ ಕಡೆ ಬಡಿಸುವ ರೀತಿ ಬೇರೆ. ಉಣ್ಣುವವರು ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುವವರೆಗೂ ಬಡಿಸುವವರು ಕೈ ಹಿಂದೆ ತೆಗೆಯಬಾರದು. ನೀಡಿದ್ದನ್ನು ಎಣಿಸಬಾರದು. ಅವ್ವ ಹಾಗೇ ಬಡಿಸುತ್ತಿದ್ದಳು, ನಾನೂ ಹಾಗೇ ಕಲಿತೆ.

ಶ್ರಾವಣ ಮಾಸ. ನಸುಕಿನಲ್ಲಿ ಪೂಜೆ ಮುಗಿಸಿ, ಗೋಧಿ ಮತ್ತು ಬೆಲ್ಲದ ಮಾದಲಿ ಮಾಡಿ ನೈವೇದ್ಯ ಹಿಡಿದಿದ್ದೆ. ಒಂದು ಸಣ್ಣ ಡಬ್ಬಿಯಲ್ಲಿ ಆಪಾಗೆಂದು ಒಯ್ದೆ. ವಾರ್ಡಿನಲ್ಲಿ ಆಪಾ ನೀರಿಗೆ ಹೋಗಿದ್ದರು, ಅಜ್ಜಿ ಬಟ್ಟೆ ಒಗೆಯಲು ಹೋಗಿದ್ದಳು. ಪ್ರಸಾದ ಅಲ್ಲವೇ, ಒಂದು ಚೂರು ಏನು ಮಾಡೀತು ಎಂದು ಬೆರಳಿನಲ್ಲಿ ನುರಿದು ಆ ಕೂಸಿನ ನಾಲಿಗೆಯ ಮೇಲಿಟ್ಟೆ. ಕೂಸು ಕಣ್ಣು ದೊಡ್ಡದು ಮಾಡಿತು. ಮತ್ತೆ ಬಾಯಿ ತೆರೆಯಿತು. ಇನ್ನೊಂದು ಇಟ್ಟೆ. ಅದು ಸಾಕು ಎನ್ನಲಿ ಎಂದು ಕಾಯುತ್ತ ಹೋದೆ. ಅದು ಅನ್ನಲೇ ಇಲ್ಲ. ಡಬ್ಬಿ ಮುಗಿಯಿತು. ಆ ದಿನ ಮನೆಗೆ ಬರುವಾಗ ನನಗೆ ಬಹಳ ಸಂತೋಷವಾಗಿತ್ತು. ಈಗ ನನಗೆ ಹೇಸಿಗೆಯಾಗುವುದು ಆ ಸಂತೋಷದ ಬಗ್ಗೆಯೇ.

ಮರುದಿನ ಆಪಾ ಬಂದು ಬಾಗಿಲಲ್ಲೇ ನಿಂತು, “ಕಿಡಕಿ ಕಡಿ ಕೂಸಿಗಿ ಭೇದಿ ಹತ್ಯದಂತ ಬೇ. ಕಣ್ಣ ತೆರಿವಲ್ತಂತ,” ಎಂದರು.

ಓಡಿದೆವು. ಕೂಸಿನ ಮೂಗಿನಲ್ಲಿ ನಳಿಕೆ ಇತ್ತು. ನರ್ಸು ಅಜ್ಜಿಯನ್ನು ಬೈಯುತ್ತಿದ್ದಳು. ಏನು ತಿನಿಸಿದೆ ಎಂದು ಕೇಳುತ್ತಿದ್ದಾಳೆಂದು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಅಜ್ಜಿ ಎರಡೂ ಕೈ ಬರಿದು ಮಾಡಿ ಮಾಡಿ ತೋರಿಸುತ್ತಿದ್ದಳು. ನಾನು ನಡುವೆ ಹೋಗಿ ಎದೆ ಮುಟ್ಟಿಕೊಂಡು, “ಆಕೀ ಅಲ್ಲರಿ, ನಾನು, ನಾನು,” ಎಂದೆ. ಆಪಾ ಹಣೆ ಹಿಡಿದುಕೊಂಡರು. ಅಷ್ಟಾದರೂ ಹೇಳುವ ಬುದ್ಧಿಯನ್ನು ದೇವರು ಕೊಟ್ಟ.

ನರ್ಸು ನನ್ನನ್ನು ಬೈಯಲಿಲ್ಲ. ಎಷ್ಟು ಚಮಚ ಎಂದು ಆಪಾನ ಮೂಲಕ ಕೇಳಿದಳು. ಡಾಕ್ಟರಿಗೆ ಲೆಕ್ಕ ಬೇಕಿತ್ತು. ನನ್ನ ಹತ್ತಿರ ಲೆಕ್ಕವಿರಲಿಲ್ಲ.

ಮನೆಯಲ್ಲಿ ಯಜಮಾನರನ್ನು ಕೇಳಿದೆ, “ನಾ ಆ ಕೂಸಿನ ಜೀವಾ ತಗದ್ನೇನ್ರಿ?”

“ಹಂಗ ಅನಬ್ಯಾಡ. ನೀ ಕೊಟ್ಟಿದ್ದು ಪ್ರಸಾದ.”

“ಅದು ಪ್ರಸಾದ ಅಂತ ಆ ಕರುಳಿಗಿ ಯಾರ ಹೇಳಬೇಕ್ರಿ?”

ನೆಲೋಗಿಗೆ ಫೋನು ಮಾಡಿ ತಂಗಿಗೆ ದೀಪ ಹಚ್ಚಲು ಹೇಳಿದೆ. ಯಾಕೆಂದು ಹೇಳಲಿಲ್ಲ. ದಿನಾ ಹೋಗಿ ವಾರ್ಡಿನ ಹೊರಗೆ ಕೂತೆ. ಒಳಗೆ ಬಿಡಲಿಲ್ಲ, ಆದರೆ ಹೊರಡು ಎಂದೂ ಅನ್ನಲಿಲ್ಲ. ಐದನೆಯ ದಿನ ಒಳಗಿನಿಂದ ಒಂದು ಅಳು ಕೇಳಿತು, ಕರ್ಕಶ, ಸಿಟ್ಟಿನ ಅಳು. ಆಪಾ ಹೊರಗೆ ಬಂದು, “ನಿನ್ನ ಕೂಸಽ ಬೇ. ಅಳ್ಳಾಕ ತಾಕತ್ತ ಬಂದದ,” ಎಂದರು. ನಾನು ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ.

ಅದಾಗಿ ಮೂರು ದಿನಕ್ಕೆ ಅಜ್ಜಿ ಕೂಸನ್ನು ಕರೆದುಕೊಂಡು ಹೊರಟಳು. ಊರಲ್ಲಿ ಇನ್ನೆರಡು ಮಕ್ಕಳಿದ್ದವು, ನೋಡುವವರಿಲ್ಲ. ಇನ್ನೂ ಎರಡು ವಾರ ಇರಬೇಕು ಎಂದು ನರ್ಸು ಗೋಗರೆದಳು.

“ನೀ ಒಂದ್ ಮಾತ ಹೇಳ ಬೇ. ಕೈ ಮುಗದ ಹೇಳ, ನಿಲ್ತಾಳೇನೋ,” ಎಂದರು ಆಪಾ.

ಕೈ ಮುಗಿದೆ. ನನ್ನ ಸಲುವಾಗಿ ಬೈಸಿಕೊಂಡವಳಿಗೆ ಯಾವ ಬಾಯಿಂದ ನಿಲ್ಲು ಎನ್ನಲಿ? ಅಜ್ಜಿ ನನ್ನ ಮುಗಿದ ಕೈಗಳನ್ನು ಒಂದು ಗಳಿಗೆ ನೋಡಿದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಬ್ಬಿನ ನಡುವಿನ ಕೆಂಪು ಹಾದಿ ಹಿಡಿದಳು.

ಪ್ರತಿ ಮಂಗಳವಾರ ತೂಕಕ್ಕೆ ಬರಬೇಕೆಂದು ಚೀಟಿ ಕೊಟ್ಟಿದ್ದರು. ನರ್ಸು ನನ್ನನ್ನು ಮತ್ತೆ ಸೇರಿಸಿಕೊಂಡಳು, ಬರೀ ಕಪ್ಪು ತೊಳೆಯಲು. ಅದೂ ಅವಳ ದೊಡ್ಡ ಮನಸ್ಸು. ಮಂಗಳವಾರ ಬಂದರೆ ತೊಳೆಯುವ ಕೈ ನಿಲ್ಲಿಸಿ ತೂಕದ ಸಾಲನ್ನು ಕೊನೆಯವರೆಗೆ ನೋಡುತ್ತಿದ್ದೆ. ಅವರು ಬರಲಿಲ್ಲ. ಯಾವ ಹಳ್ಳಿ ಎಂದು ಕೇಳಿದರೆ, ನರ್ಸಿಗೂ ಕೆರೆಯ ಆಚೆ ಎಂದಷ್ಟೇ ಗೊತ್ತಿತ್ತು.

ಎರಡು ವರ್ಷ ಮುಗಿದು ಹೊರಡುವ ಮುಂಚೆ, ಆಪಾನನ್ನು ಕರೆದುಕೊಂಡು ಹೋಗಿ ನರ್ಸನ್ನು ಆ ಕೂಸಿನ ಬಗ್ಗೆ ಕೊನೆಯ ಸಲ ಕೇಳಿದೆ. ಆಕೆ ದಪ್ಪ ಪುಸ್ತಕ ತೆರೆದು ಆ ಹೆಸರಿನ ಮೇಲೆ ಬೆರಳಿಟ್ಟಳು. ಮುಂದಿನ ತೂಕದ ಮನೆಗಳೆಲ್ಲ ಖಾಲಿ. ಏನೋ ಹೇಳಿ ಪುಸ್ತಕ ಮುಚ್ಚಿದಳು.

“ಏನಂದ್ಲರಿ ಆಪಾ?”

“ಆರಾಮಾದ ಮಕ್ಕಳ್ನ ಮಂದಿ ಹೊಳ್ಳಿ ದವಾಖಾನಿಗಿ ಯಾಕ ತರ್ತಾರ ಅಂದ್ಲ. ಓಡಾಡ್ಕೊಂತ ಇರ್ತದ ಅದು, ಚಿಂತಿ ಮಾಡಬ್ಯಾಡ ಅಂದ್ಲ ಬೇ.”

ನರ್ಸು ಆಡಿದ್ದು ಎರಡೇ ಶಬ್ದ. ಆಪಾನ ಕನ್ನಡ ಅದಕ್ಕಿಂತ ಬಹಳ ಉದ್ದವಿತ್ತು. ನಾನು ಮತ್ತೆ ಕೇಳಲಿಲ್ಲ.