ಚೆನ್ನಾಗಿದ್ದೀರಾ ಎಂದರೆ ಏನೆನ್ನುವುದು?

ಬಾಗಿಲಿಗೆ ನೀರು ಹಾಕಿದ್ದು, ಹಸು ಕರೆದದ್ದು, ಹಾಲು ಡೈರಿಗೆ ಕಳಿಸಿದ್ದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು, ಕೋಸು ಕೀಳಿಸುತ್ತಿದ್ದ ಮನೆಯವರಿಗೆ ಹೊಲದ ತನಕ ಟೀ ಕೊಂಡೊಯ್ದದ್ದು, ಬರುವಾಗ ಬದುವಿನಲ್ಲಿ ಒಂದು ಮಡಿಲು ಅಣ್ಣೆಸೊಪ್ಪು ಕಿತ್ತದ್ದು, ಯೆಮನ್ ದೇಶದ ಹುಡುಗಿಯೊಬ್ಬಳ ಪ್ರಶ್ನೆಗಳಿಗೆ ಉತ್ತರ ಬರೆದು ಗಂಡನ ಮುನಿಸು ಕಟ್ಟಿಕೊಂಡದ್ದು. ಇವಿಷ್ಟು ಇವತ್ತು ನಾನು ಮಾಡಿದ ಕೆಲಸಗಳು. ಕೊನೆಯದೊಂದು ಬಿಟ್ಟರೆ ಉಳಿದವೆಲ್ಲ ದಿನವೂ ಮಾಡುವಂಥವೇ.

ಹುಡುಗಿಯ ಹೆಸರು ಹನಾನ್. ಮೈಸೂರಿನಲ್ಲಿ ನನ್ನ ಮಗಳು ಚೈತ್ರಳ ಜೊತೆ ಮನಶ್ಶಾಸ್ತ್ರ ಓದುತ್ತಾಳೆ, ಇಬ್ಬರೂ ಹಾಸ್ಟೆಲಿನ ಒಂದೇ ರೂಮಿನವರು. ಶನಿವಾರ ಇಬ್ಬರೂ ಬಸ್ಸಿಳಿದು ಬಂದಾಗ ನನ್ನ ಮಗಳ ಬಾಯಿ ಎಂದಿನಂತೆ ನಡೆಯುತ್ತಲೇ ಇತ್ತು. ಈ ಹುಡುಗಿಯದು ಮಾತ್ರ ಬಾಡಿದ ಮುಖ. ರಾತ್ರಿಯೆಲ್ಲ ಇವಳು ಮಗ್ಗುಲು ಬದಲಿಸುತ್ತಾಳಮ್ಮ, ಒಂದು ತಿಂಗಳಿಂದ ನಿದ್ದೆಯೇ ಇಲ್ಲ ಎಂದು ಚೈತ್ರ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

ವಿಷಯ ಇಷ್ಟೆ. ಮೈಸೂರಿನಲ್ಲಿ ಓದುವ ಅರಬ್ ದೇಶಗಳ ಹುಡುಗ ಹುಡುಗಿಯರು ನೆಮ್ಮದಿಯಾಗಿದ್ದಾರೆಯೇ, ಆ ನೆಮ್ಮದಿಗೂ ಅವರು ತೆಗೆಯುವ ಅಂಕಗಳಿಗೂ ಏನಾದರೂ ನಂಟಿದೆಯೇ ಎಂದು ಹನಾನ್ ಒಂದು ಪ್ರಬಂಧ ಬರೆಯಬೇಕು. ಪ್ರಶ್ನೆಗಳ ಹಾಳೆ ಅಚ್ಚು ಹಾಕಿಸಿ ಹಂಚಿದಳು. ಎಲ್ಲವೂ ತುಂಬಿ ವಾಪಸು ಬಂದವು. ನೋಡಿದರೆ ಎಲ್ಲರೂ ಎಲ್ಲದಕ್ಕೂ ಮೇಲ್ತುದಿಯ ಚೌಕಕ್ಕೇ ಗೆರೆ ಎಳೆದಿದ್ದಾರೆ: ಬಹಳ ನೆಮ್ಮದಿ, ಬಹಳ ತೃಪ್ತಿ, ಬಹಳ ಸಂತೋಷ. ಮೊದಲ ರ‍್ಯಾಂಕಿನವನೂ ಅಷ್ಟೇ, ಎರಡು ಪೇಪರು ಉಳಿಸಿಕೊಂಡವಳೂ ಅಷ್ಟೇ. ಗೈಡ್ ಮೇಡಂ ಹಾಳೆಗಳನ್ನು ಹಿಂದಕ್ಕೆ ಕೊಟ್ಟು, ‘ಇದರಲ್ಲಿ ನಂಟು ಹುಡುಕುವುದೆಲ್ಲಿ? ಮುಂದೇನು ಮಾಡುತ್ತೀಯ ಎಂದು ಸೋಮವಾರ ಸಂಜೆಯೊಳಗೆ ಹೇಳು, ಇಲ್ಲದಿದ್ದರೆ ಈ ವರ್ಷ ಬಿಟ್ಟುಬಿಡು’ ಎಂದಿದ್ದಾರೆ. ವರ್ಷ ಬಿಟ್ಟರೆ ಅವಳ ದೇಶದವರು ಕೊಡುವ ವಿದ್ಯಾರ್ಥಿವೇತನ ನಿಲ್ಲುತ್ತದೆ. ನಿಂತರೆ ಊರಿಗೆ ಹೊರಡಬೇಕು. ಇವತ್ತೇ ಸೋಮವಾರ.

ನೆಮ್ಮದಿಗೂ ಅಂಕಕ್ಕೂ ನಂಟು ಇದ್ದೇ ಇರುತ್ತದೆ ಎಂದು ನಾನು ಹಾಲು ಕರೆಯುತ್ತಾ ಯೋಚಿಸಿದೆ. ಹೊಸಬರು ಯಾರಾದರೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ ಸಾಕು, ನಮ್ಮ ಗೌರಿ ಕೆಚ್ಚಲಿಗೆ ಹಾಲು ಇಳಿಸದೆ ಏರಿಸಿಕೊಳ್ಳುತ್ತಾಳೆ. ಆದರೆ ಆ ಲೆಕ್ಕದಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬರಬೇಕಿತ್ತು. ನನ್ನಷ್ಟು ನೆಮ್ಮದಿಯಾಗಿ ಗಣಿತದ ಪೀರಿಯಡ್ಡಿನಲ್ಲಿ ನಿದ್ದೆ ಮಾಡಿದವರು ತಾಳವಾಡಿ ಸೀಮೆಯಲ್ಲೇ ಇರಲಿಲ್ಲ.

ಹೊತ್ತು ಕಳೆಯಲೆಂದೋ ಏನೋ, ಚೈತ್ರ ಆ ಪ್ರಶ್ನೆಗಳನ್ನು ಕನ್ನಡ ಮಾಡಿ ನಮ್ಮ ಮೇಲೆ ಪ್ರಯೋಗಿಸಲು ಕೂತಳು. ಮೊದಲು ಸಿಕ್ಕಿದ್ದು ಪಕ್ಕದ ಮನೆಯ ಪುಟ್ಟಮ್ಮಕ್ಕ. ಮಗಳಿಗೆ ಗಂಡು ಗೊತ್ತಾಗಿದೆ, ಹೊಸ ಬೋರಿನಲ್ಲಿ ನೀರು ಉಕ್ಕಿದೆ. ಚೆನ್ನಾಗಿದ್ದೀರಾ ಎಂದರೆ, “ಎಂಗೋ ಇವ್ನಿ ಕಣವ್ವ, ಏನ್ ಸುಕ? ಸೊಂಟ ಇಡ್ಕಂಡದೆ” ಎಂದು ಕೆಳಗಿನ ಚೌಕ ತೋರಿಸಿದಳು. ನಮ್ಮತ್ತೆ ಆಗ ತಾನೆ ಸೀಬೆಮರದ ಕೋತಿಗಳನ್ನು ಕೋಲು ಹಿಡಿದು ಬೇಲಿಯಾಚೆಗೆ ಅಟ್ಟಿ ಬಂದಿದ್ದರು. “ನಂದೇನ್ ಕೇಳಿಯಮ್ಮಿ, ಇವತ್ತೋ ನಾಳಕೋ ಅನ್ನಂಗಿವ್ನಿ” ಎಂದರು. ಅವರದೂ ಕೆಳಗಿನ ಚೌಕ.

ನನ್ನ ಸರದಿ ಬಂತು. ಈಗಿನ ದಿನಗಳು ನಿಮಗೆ ಖುಷಿ ಕೊಡುತ್ತಿವೆಯೇ? ‘ಇಲ್ಲವೇ ಇಲ್ಲ’ ಎಂಬಲ್ಲಿ ಗೆರೆ ಎಳೆದೆ. ಮನೆಯವರ ಆಸರೆ ನಿಮಗಿದೆಯೇ? ‘ಅಷ್ಟಕ್ಕಷ್ಟೆ.’ ಹೀಗೆ ಸರಾಗವಾಗಿ ಎಳೆಯುತ್ತಾ ಹೋಗುತ್ತಿರುವಾಗ, ಹೊಲದಿಂದ ಬಂದ ಮನೆಯವರು ಹಿಂದೆ ನಿಂತು ಓದುತ್ತಿದ್ದುದು ನನಗೆ ಗೊತ್ತಾಗಲಿಲ್ಲ.

“ಅಲ್ಲ ಕಣಮ್ಮಿ, ನಾನೇನ್ ಮಾಡುದ್ನಮ್ಮಿ ನಿಂಗೆ? ಒಟ್ಟೆಗೆ ಬಟ್ಟೆಗೆ ತಂದಾಕಿಲ್ವಾ? ದೂರ‍್ದ ದೇಸದ ಮಗಾ, ಏನಂದ್ಕಂಡದು ನನ್ನ?”

ಅವರ ಮೇಲೆ ನನಗೆ ದೂರೇ ಇಲ್ಲ. ಯಾರಾದರೂ ಹೇಗಿದ್ದೀ ಎಂದರೆ ‘ಏನೋ ಇದ್ದೀನಿ’ ಎನ್ನಬೇಕು, ತುಂಬ ಚೆನ್ನಾಗಿದ್ದೀನಿ ಎಂದು ಬಾಯಿಬಿಟ್ಟರೆ ಕಣ್ಣು ಬೀಳುತ್ತದೆ ಎಂದು ನನ್ನವ್ವ ಕಲಿಸಿದ್ದಳು. ಕೈ ಆ ಅಭ್ಯಾಸದಂತೆ ಗೆರೆ ಎಳೆದಿತ್ತು. ಕಾಗದ ಬರೆಯುವ ಕಾಲದಲ್ಲಿ ನಾವು ಇದಕ್ಕೆ ಪೂರ್ತಿ ಉಲ್ಟಾ ಇದ್ದೆವು ನೋಡಿ. ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಮೊದಲ ಸಾಲಿನಲ್ಲಿ ಬರೆದು, ಮೂರನೆಯ ಸಾಲಿನಿಂದ ಅವ್ವನ ಜ್ವರ, ಅಪ್ಪನ ಕೆಮ್ಮು, ಎಮ್ಮೆ ಸತ್ತದ್ದು ಶುರು. ಕಾಗದಕ್ಕೆ ಯಾರ ಕಣ್ಣು ಬೀಳುತ್ತದೆ ಎಂಬ ಧೈರ್ಯವಿದ್ದೀತು.

“ಕೊಡಿಲ್ಲಿ, ನಾನ್ ಬರೆದು ತೋರಿಸ್ತೀನಿ” ಎಂದು ಮನೆಯವರು ಪೆನ್ನು ಕಿತ್ತುಕೊಂಡರು. ಚೈತ್ರ ಪ್ರಶ್ನೆ ಓದಿದಳು. ಪೆನ್ನು ‘ಬಹಳ ಸಂತೋಷ’ದ ಚೌಕದ ಮೇಲೆ ಗಾಳಿಯಲ್ಲೇ ನಿಂತಿತು. ಇವರು ಒಮ್ಮೆ ಸೂರು ನೋಡಿದರು, ಒಮ್ಮೆ ಹೊಲದ ಕಡೆ ನೋಡಿದರು, ಮೆಲ್ಲಗೆ ಪೆನ್ನನ್ನು ಕೆಳಗಿಳಿಸಿ ‘ಇಲ್ಲವೇ ಇಲ್ಲ’ಕ್ಕೆ ಗೆರೆ ಎಳೆದರು.

“ಇದೇನಪ್ಪ ಇದು?” ಎಂದಳು ಮಗಳು.

“ಕೋಸ್ಗೆ ರೇಟ್ ಬಂದಿರೋ ಒತ್ತಲ್ಲಿ ಅಂಗೆಲ್ಲ ಬರೀಬಾರ್ದು ಸುಮ್ನಿರಮ್ಮಿ.”

ಚೈತ್ರ ಅದನ್ನು ಇಂಗ್ಲಿಷ್ ಮಾಡಿ ಹೇಳಿದ್ದೇ ತಡ, ಹನಾನ್ ನಕ್ಕಳು. ಬಂದ ಮೇಲೆ ಮೊದಲ ಸಲ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ನಗುತ್ತಲೇ ತಟ್ಟನೆ ಎದ್ದು ನಿಂತಳು. ಅಮ್ಮಾ, ನಮ್ಮಲ್ಲಿ ಇದೇ ತಿರುಗುಮುರುಗು ಎಂದಳು. ಚೈತ್ರಳ ಬಾಯಿಂದ ನಮಗೆ ತಿಳಿದದ್ದು ಹೀಗೆ. ಅವರಲ್ಲಿ ಹೇಗಿದ್ದೀ ಎಂದು ಕೇಳಿದರೆ, ಮನೆಯ ಗೋಡೆ ಬಿದ್ದಿದ್ದರೂ ಮೊದಲು ಬರುವ ಮಾತು ‘ದೇವರ ದಯೆ, ಚೆನ್ನಾಗಿದ್ದೇನೆ.’ ಅದು ಸುಳ್ಳಲ್ಲ, ಕೊಟ್ಟವನೆದುರು ಗೊಣಗಬಾರದೆಂಬ ಮರ್ಯಾದೆ. ಹಾಳೆಯಲ್ಲಿ ಅವಳ ಗೆಳೆಯರೆಲ್ಲ ಆ ಮರ್ಯಾದೆಯನ್ನೇ ತುಂಬಿದ್ದರು. ನಾವು ನಮ್ಮ ದೃಷ್ಟಿಯ ಭಯವನ್ನು ತುಂಬಿದ್ದೆವು. ನೆಮ್ಮದಿ ಎಂಬುದು ಎರಡು ಕಡೆಯೂ ಹಾಳೆಯ ಹತ್ತಿರಕ್ಕೇ ಸುಳಿದಿರಲಿಲ್ಲ.

ಆಮೇಲೆ ನಡೆದದ್ದನ್ನು ಒಂದೊಂದಾಗಿ ಹೇಳಲಾರೆ, ಎಲ್ಲ ಒಟ್ಟಿಗೇ ನಡೆಯಿತು. ಒಲೆಯ ಮೇಲೆ ಹಾಲು ಉಕ್ಕಿತು, ಯಾರೂ ಏಳಲಿಲ್ಲ. ಹನಾನ್ ಗೋಡೆಗೊರಗಿ ಹೊಸ ಪ್ರಶ್ನೆಗಳನ್ನು ಗೀಚತೊಡಗಿದಳು. ಹೇಗಿದ್ದೀ ಎಂಬ ಮಾತೇ ಬೇಡ, ನಡೆದದ್ದನ್ನು ಕೇಳುತ್ತೇನೆ ಎಂದಳು. ಪಾಠ ಅರ್ಥವಾಗದಿದ್ದರೆ ಯಾರನ್ನು ಕೇಳುತ್ತೀ? ಕಳೆದ ವಾರ ಯಾವ ಕ್ಲಾಸಿಗೆ ಚಕ್ಕರ್ ಹಾಕಿದೆ, ಆ ಹೊತ್ತು ಎಲ್ಲಿದ್ದೆ? ಜ್ವರ ಬಂದ ದಿನ ನಿನ್ನ ಬಾಗಿಲು ತಟ್ಟಿದವರು ಯಾರು? ನಾವೂ ಸುಮ್ಮನಿರದೆ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೊಟ್ಟೆವು. ‘ಸೊಸೆ ಎಣ್ಣೆ ತಿಕ್ಕುತ್ತಾಳಾ’ ಎಂಬ ಅತ್ತೆಯ ಪ್ರಶ್ನೆಯನ್ನು ಅವಳು ನಯವಾಗಿ ಬಿಟ್ಟುಬಿಟ್ಟಳು.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಪಕ್ಕ ಮಾತ್ರ. ಅಲ್ಲಿ ನಿಂತು ಅವಳು ಮೈಸೂರಿನಲ್ಲಿರುವ ಸೂಡಾನಿನ ಗೆಳತಿಯೊಬ್ಬಳಿಗೆ ಫೋನ್ ಮಾಡಿದಳು. ಎರಡು ಪೇಪರು ಉಳಿಸಿಕೊಂಡಿದ್ದರೂ ಬಹಳ ನೆಮ್ಮದಿ ಎಂದು ಬರೆದುಕೊಟ್ಟವಳು ಈಕೆಯೇ. ಜ್ವರದ ದಿನ ಬಾಗಿಲು ತಟ್ಟಿದವರು ಯಾರು ಎಂದು ಕೇಳಿದ್ದಳೆಂಬುದು ನಮಗೆ ಆಮೇಲೆ ತಿಳಿದದ್ದು. ಅಲ್ಲಿಂದ ಆ ಹುಡುಗಿ ಮಾತಾಡುತ್ತಲೇ ಹೋದಳು. ಅರಬ್ಬಿ ನಮಗೆಲ್ಲಿ ಬರಬೇಕು? ಆದರೆ ಹನಾನ್ ತೊಟ್ಟಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತದ್ದು, ಹೂಂ ಹೂಂ ಎಂದದ್ದು, ಸೆರಗಿಲ್ಲದ್ದಕ್ಕೆ ತಲೆವಸ್ತ್ರದ ಅಂಚಿನಿಂದಲೇ ಕಣ್ಣೊರೆಸಿಕೊಂಡದ್ದು ಕಾಣುತ್ತಿತ್ತು. ಫೋನಿಟ್ಟು, ಅವಳ ಬಾಗಿಲನ್ನು ಯಾರೂ ತಟ್ಟಿಲ್ಲ, ಮೈಸೂರು ತಲುಪಿದ ತಕ್ಷಣ ಅವಳ ರೂಮಿಗೆ ಹೋಗಬೇಕು, ಪ್ರಬಂಧ ಆಮೇಲೆ ಎಂದಳು ಚೈತ್ರಳಿಗೆ.

ಪ್ರಬಂಧವನ್ನು ಆಮೇಲಕ್ಕೆ ಬಿಡುವ ಹಾಗಿರಲಿಲ್ಲ. ಸಂಜೆಯಾಗುತ್ತಿತ್ತು. ಮೇಡಂಗೆ ಫೋನ್ ಹೋಯಿತು. ನಾವೆಲ್ಲ ತೊಟ್ಟಿಯ ಸುತ್ತ ನಿಂತೆವು. ಹನಾನ್ ಹೇಳಿದಳು, ಹೇಳಿದಳು, ನಿಲ್ಲಿಸಿದಳು. ಮೇಡಂ ಒಂದಷ್ಟು ಹೊತ್ತು ಮಾತಾಡಿದರು. ಇವಳ ಮುಖ ನೋಡಿದರೆ ಏನೂ ತಿಳಿಯದು. ಫೋನ್ ಇಳಿಸಿ, ಒಪ್ಪಿದರು, ಹೊಸದಾಗಿ ಕೇಳಿಕೊಂಡು ಬಾ ಎಂದರು, ಈ ವರ್ಷವೇ ಮುಗಿಸಬಹುದಂತೆ ಎಂದಳು.

ಚೈತ್ರ ಕಿರುಚಿದ ಕಿರುಚಾಟಕ್ಕೆ ಗೌರಿ ಗೂಟ ಕಿತ್ತುಕೊಳ್ಳುವಂತೆ ಎಗರಿದಳು. ಆ ಕಡೆಯಿಂದ ಪುಟ್ಟಮ್ಮಕ್ಕ ಟಾರ್ಚು ಹಿಡಿದು ಓಡಿ ಬಂದಳು: “ಯಾವ್ ಕಡೆಯಿಂದ ಬತ್ತಮ್ಮಿ ಆನೆ?”

ಆನೆಯಲ್ಲ, ಪಾಸು ಎಂದೆ. ಈ ಬೆಟ್ಟಗಳಲ್ಲಿ ಜನ ಖುಷಿಗೂ ಕಿರುಚುತ್ತಾರೆಂದು ಅವಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಎರಡು ರಾತ್ರಿ ಪರದೇಶದ ಮಗು ಎಂದು ಚಪಾತಿ, ಪಲ್ಯ, ಅನ್ನ ಎಂದೆಲ್ಲ ಮಾಡಿದ್ದೆ. ಈ ಗಲಾಟೆಯಲ್ಲಿ ಇವತ್ತು ಅದೊಂದೂ ನೆನಪಾಗಲಿಲ್ಲ. ಕೈ ತಾನಾಗಿ ರಾಗಿಮುದ್ದೆ ಕಟ್ಟಿ, ಅವರೆಕಾಳಿನ ಸಾರು ಮಾಡಿಟ್ಟಿತ್ತು. ತಟ್ಟೆ ಮುಂದಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಹನಾನ್ ಮುದ್ದೆಯನ್ನು ನೋಡಿ “ಅಸೀದ್!” ಎಂದಳು. ಅವರ ಬೆಟ್ಟದೂರುಗಳಲ್ಲೂ ಹಿಟ್ಟನ್ನು ಹೀಗೇ ತೊಳಸಿ ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ ಸಾರು ಹಾಕುತ್ತಾರಂತೆ. ಅಗಿಯಬಾರದು, ನುಂಗಬೇಕು ಎಂದು ಕಲಿಸಲು ಅತ್ತೆ ಸರಿಯಾಗಿ ಎದುರಿಗೇ ಕೂತಿದ್ದರು. ಅವಳು ತಾನೇ ಮುರಿದು, ಅದ್ದಿ, ನುಂಗಿದ್ದು ನೋಡಿ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಎರಡನೆಯ ಮುದ್ದೆಯನ್ನು ಅವಳೇ ಕೇಳಿ ಹಾಕಿಸಿಕೊಂಡಳು.

ನಮ್ಮ ಮನೆಯಲ್ಲಿ ಮೊದಲು ಮಲಗುವುದು ಯಾವತ್ತೂ ಅತ್ತೆ. ಇವತ್ತು ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಹನಾನ್ ಚಾಪೆಯ ಮೇಲೆ, ಹೊದಿಕೆಯನ್ನೂ ಎಳೆದುಕೊಳ್ಳದೆ, ಬಾಯಿ ಅರೆ ತೆರೆದು ನಿದ್ದೆಹೋಗಿದ್ದಳು. “ನೋಡಮ್ಮಿ, ನನ್ಗಿಂತ ಮುಂಚೆ ಮನೀಕಂಡುಬುಟ್ಟವಳೆ” ಎಂದು ಅತ್ತೆ ಗೊಣಗಿದರು. ಹಾಗೆಂದವರೇ, ಅರ್ಧ ನಡೆದಿದ್ದ ಟೀವಿ ಧಾರಾವಾಹಿಯ ಸದ್ದನ್ನು ತಾವಾಗಿಯೇ ಪೂರ್ತಿ ಇಳಿಸಿ, ಮಿಕ್ಕದ್ದನ್ನು ಬರೀ ಬಾಯಾಡುವುದನ್ನು ನೋಡುತ್ತಾ ಮುಗಿಸಿದರು.